ನಾಲ್ಕು ದಿನಗಳಲ್ಲಿ ಮುಗಿದ ಆರು ವರ್ಷ: ಜಿಫ್ರೆಂಡ್ ಬೇರೆಯಾದ ಆ ಮೇ ತಿಂಗಳು

2021ರ ಮೇ 18, ಮಂಗಳವಾರ. ದಕ್ಷಿಣ ಕೊರಿಯಾದ ಆರು ಹುಡುಗಿಯರ ಹಾಡಿನ ತಂಡ ಜಿಫ್ರೆಂಡ್ ಅನ್ನು ಕಟ್ಟಿ ಬೆಳೆಸಿದ ಸೋರ್ಸ್ ಮ್ಯೂಸಿಕ್ ಸಂಸ್ಥೆ ಚಿಕ್ಕದೊಂದು ಪ್ರಕಟಣೆ ಹೊರಡಿಸಿತು. ತಂಡದ ಒಪ್ಪಂದ ಇದೇ 22ಕ್ಕೆ ಮುಗಿಯುತ್ತದೆ, ಆಮೇಲೆ ಎಲ್ಲರೂ ತಂತಮ್ಮ ಹೊಸ ದಾರಿ ಹಿಡಿಯುತ್ತಾರೆ, ಇಷ್ಟು ದಿನ ಜೊತೆಗಿದ್ದವರಿಗೆ ಧನ್ಯವಾದ. ಮಂಗಳವಾರಕ್ಕೂ ಶನಿವಾರಕ್ಕೂ ನಡುವೆ ನಾಲ್ಕು ದಿನ. ಕೊನೆಯ ಹಾಡು ಇಲ್ಲ, ಕೊನೆಯ ವೇದಿಕೆ ಇಲ್ಲ, ಆರೂ ಜನ ಒಟ್ಟಿಗೆ ಕೂತು ಕ್ಯಾಮೆರಾ ನೋಡಿ ಹೇಳಿದ ಒಂದು ಮಾತೂ ಇಲ್ಲ.

ಕೆ-ಪಾಪ್ ಎಂಬ ಕೊರಿಯಾದ ಪಾಪ್ ಸಂಗೀತವನ್ನು ಹಿಂಬಾಲಿಸುವವರಿಗೆ ತಂಡಗಳು ಒಡೆಯುವುದು ಹೊಸದಲ್ಲ. ಆದರೂ ಈ ಸುದ್ದಿ ಅಷ್ಟು ಆಳಕ್ಕೆ ಇಳಿದದ್ದಕ್ಕೆ ಕಾರಣವಿದೆ. ಅಭಿಮಾನಿಗಳ ತಲೆಯಲ್ಲಿ ಸದಾ ಒಂದು ಲೆಕ್ಕ ಓಡುತ್ತಿರುತ್ತದೆ: ಏಳು ವರ್ಷದ ಲೆಕ್ಕ. ಟಿವಿಎಕ್ಸ್‌ಕ್ಯೂ ತಂಡದ ಮೂವರು 2009ರಲ್ಲಿ ತಮ್ಮ 13 ವರ್ಷಗಳ ಒಪ್ಪಂದದ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ಕೊರಿಯಾದ ನ್ಯಾಯಸಮ್ಮತ ವ್ಯಾಪಾರ ಆಯೋಗ ಮಾದರಿ ಒಪ್ಪಂದವೊಂದನ್ನು ಪ್ರಕಟಿಸಿ, ಅವಧಿಗೆ ಏಳು ವರ್ಷದ ಮಿತಿ ಹಾಕಿತು. ಅಂದಿನಿಂದ ಪ್ರತಿ ತಂಡದ ಏಳನೇ ವರ್ಷ ಹತ್ತಿರ ಬಂದಾಗ ಎದೆಯಲ್ಲಿ ಡವಡವ. ಜಿಫ್ರೆಂಡ್ ಕಾಲಿಟ್ಟದ್ದು 2015ರ ಜನವರಿಯಲ್ಲಿ. ಅಂದರೆ ಹೆದರಬೇಕಾದ ಗಡುವು 2022ರ ಜನವರಿ. ಇನ್ನೂ ಎಂಟು ತಿಂಗಳು ಕೈಯಲ್ಲಿದೆ ಎಂದುಕೊಂಡಿದ್ದವರಿಗೆ ಗಡುವೇ ಬೇರೆ ಎಂದು ಗೊತ್ತಾಯಿತು.

ಅದಕ್ಕೂ ಮೊದಲಿನ ವರ್ಷ ನಿಂತುಹೋಗುತ್ತಿರುವ ತಂಡದ ವರ್ಷವಾಗಿರಲೂ ಇಲ್ಲ. 2020ರಲ್ಲಿ ಫೆಬ್ರುವರಿ, ಜುಲೈ, ನವೆಂಬರ್ ಎಂದು ಮೂರು ಆಲ್ಬಮ್ ಬಂದವು. ನವೆಂಬರ್ 9ರ ಆಲ್ಬಮ್‌ನಲ್ಲಿ ಡಿಸ್ಕೊ ಧಾಟಿ, ಮುಖ್ಯ ಹಾಡಿನ ಸಾಹಿತ್ಯದಲ್ಲಿ ಸದಸ್ಯರಾದ ಉನ್ಹಾ, ಯುಜು, ಉಮ್ಜಿ ಮೂವರ ಕೈ. ತಂಡ ತನ್ನ ಮಾತನ್ನು ತಾನೇ ಬರೆಯಲು ತೊಡಗಿದೆ ಎಂಬ ಖುಷಿಯಲ್ಲಿ ಎಲ್ಲರೂ ಇದ್ದರು. ನಂತರದ ಆರು ತಿಂಗಳ ಮೌನವನ್ನು ಮುಂದಿನ ಕಂಬ್ಯಾಕ್‌ನ, ಅಂದರೆ ಹೊಸ ಹಾಡಿನೊಂದಿಗೆ ಮರಳುವುದರ, ತಯಾರಿ ಎಂದೇ ಓದಿಕೊಂಡರು. ಹಾಗೆ ಓದಿಕೊಂಡದ್ದು ತಪ್ಪೇನಲ್ಲ. ಎರಡು ಆಲ್ಬಮ್‌ಗಳ ನಡುವೆ ಅರ್ಧ ವರ್ಷ ಹೋಗುವುದು ಕೊರಿಯಾದಲ್ಲಿ ಮಾಮೂಲು.

ಇಂಥ ದಿನದ ಮೊದಲ ಕೆಲವು ಗಂಟೆಗಳಿಗೆ ಒಂದು ಕ್ರಮವಿರುತ್ತದೆ. ಮೊದಲು ನಂಬದಿರುವುದು, ಸುಳ್ಳು ಸುದ್ದಿ ಇರಬೇಕು ಎಂದು ಅಧಿಕೃತ ಖಾತೆಯನ್ನು ಮತ್ತೆ ಮತ್ತೆ ತೆರೆಯುವುದು. ಆಮೇಲೆ ಅನುವಾದಗಳ ಹೊತ್ತು. ಎಡವಟ್ಟು ಶುರುವಾಗುವುದು ಇಲ್ಲೇ. ಕೊರಿಯನ್ ಪ್ರಕಟಣೆಯ ಭಾಷೆ ತೀರ ಸುತ್ತಿಬಳಸಿ ಬರುತ್ತದೆ. ಯಂತ್ರಾನುವಾದ ಕರ್ತೃಪದವನ್ನು ತಾನೇ ಊಹಿಸಿ ತುಂಬುತ್ತದೆ. "ಚರ್ಚಿಸಿ ನಿರ್ಧರಿಸಲಾಯಿತು" ಎಂಬ ಸಾಲು ಒಂದು ಅನುವಾದದಲ್ಲಿ "ಸದಸ್ಯರು ನಿರ್ಧರಿಸಿದರು" ಆಗುತ್ತದೆ, ಇನ್ನೊಂದರಲ್ಲಿ "ಸಂಸ್ಥೆ ನಿರ್ಧರಿಸಿತು" ಆಗುತ್ತದೆ. ಸಂಜೆಯ ಹೊತ್ತಿಗೆ ಯಾರು ಸಹಿ ಹಾಕಲಿಲ್ಲ, ಯಾರಿಂದ ತಂಡ ಒಡೆಯಿತು ಎಂಬ ಕಥೆಗಳು ಹುಟ್ಟಿ, ಆರರಲ್ಲಿ ಒಬ್ಬಳ ಮೇಲೆ ಬೆರಳು ತೋರಿಸಲಾಗುತ್ತದೆ. ಇಂಥ ಕಥೆಗಳಿಗೆ ಯಾವ ಆಧಾರವೂ ಇರುವುದಿಲ್ಲ, ಆದರೆ ವರ್ಷಗಟ್ಟಲೆ ಅಳಿಯುವುದೂ ಇಲ್ಲ. ಮೊದಲ ದಿನ ಇಬ್ಬರು ಮೂವರು ಬೇರೆ ಬೇರೆ ಅನುವಾದಕರ ಪಠ್ಯವನ್ನು ಪಕ್ಕಪಕ್ಕ ಇಟ್ಟು ಓದುವುದು, ಅಲ್ಲಿಯವರೆಗೆ ಏನನ್ನೂ ಮುಂದಕ್ಕೆ ಕಳಿಸದಿರುವುದು, ಇದಕ್ಕಿಂತ ದೊಡ್ಡ ಉಪಕಾರವನ್ನು ಒಬ್ಬ ಅಭಿಮಾನಿ ತನ್ನ ತಂಡಕ್ಕೆ ಆ ದಿನ ಮಾಡಲಾರ.

ಕರ್ನಾಟಕದಲ್ಲಿ ಆ ಮೇ ತಿಂಗಳು ಹೇಗಿತ್ತೆಂದು ಯಾರಿಗೂ ನೆನಪಿಸಬೇಕಿಲ್ಲ. 10ನೇ ತಾರೀಖಿನಿಂದ ಲಾಕ್‌ಡೌನ್, ಮನೆಮನೆಯಲ್ಲೂ ಆಮ್ಲಜನಕ, ಹಾಸಿಗೆ, ಔಷಧದ ಮಾತು. ಅಂಥ ಹೊತ್ತಿನಲ್ಲಿ ಒಂದು ಹಾಡಿನ ತಂಡಕ್ಕಾಗಿ ಅಳುವುದು ಸರಿಯೇ ಎಂಬ ಹಿಂಜರಿಕೆ ಇಲ್ಲಿನ ಎಳೆಯ ಅಭಿಮಾನಿಗಳ ದುಃಖಕ್ಕೆ ಇನ್ನೊಂದು ಭಾರ ಸೇರಿಸಿತು. ಖಂಡಿತ ಸರಿ. ಸಂಕಟದ ದಿನಗಳಲ್ಲಿ ಕಿವಿಗೆ ಜೊತೆಯಾಗಿದ್ದ ದನಿಗಳು ಒಮ್ಮೆಗೇ ನಿಂತಾಗ ಅಳು ಬರುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಈ ತಂಡದ ಮೇಲಿನ ಪ್ರೀತಿ ಯಾವ ಬಗೆಯದು ಎಂದು ತಿಳಿಯಬೇಕಾದರೆ 2015ರ ಸೆಪ್ಟೆಂಬರ್‌ನ, ಕೊರಿಯಾದ ಇಂಜೆ ಊರಿನ ವೇದಿಕೆಗೆ ಹೋಗಬೇಕು. ಬಯಲು ವೇದಿಕೆ, ನೆಲ ಒದ್ದೆ, ಜಾರಿಕೆ. ಯುಜು ಬಿದ್ದಳು, ಎದ್ದಳು, ಮತ್ತೆ ಬಿದ್ದಳು, ಮತ್ತೆ ಎದ್ದು ಸಾಲಿನಲ್ಲಿ ತನ್ನ ಜಾಗ ಹಿಡಿದಳು, ಸಿನ್‌ಬಿಯೂ ಜಾರಿದಳು. ಹಾಡು ನಿಲ್ಲಲಿಲ್ಲ. ಅಭಿಮಾನಿಯೊಬ್ಬರು ಚಿತ್ರೀಕರಿಸಿದ ಆ ವಿಡಿಯೊ ಜಗತ್ತು ಸುತ್ತಿತು. ದೊಡ್ಡ ಸಂಸ್ಥೆಯ ಬೆಂಬಲವಿಲ್ಲದ ತಂಡವೊಂದು ಮುಂದಿನ ವರ್ಷದ ಆರಂಭದಲ್ಲೇ ಒಂದೇ ಹಾಡಿಗೆ ಟಿವಿ ಸಂಗೀತ ಕಾರ್ಯಕ್ರಮಗಳಲ್ಲಿ 15 ಗೆಲುವು ಪಡೆಯಿತು. ಹಾಡನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ಅದೇ ನೃತ್ಯವನ್ನು ತಪ್ಪದೆ ಮಾಡುವ ಆಟವನ್ನು ಆಮೇಲೆ ಎಷ್ಟೋ ತಂಡಗಳು ಆಡಿದವು. ಅದು ಶುರುವಾದದ್ದು ಇವರಿಂದ, 2016ರಲ್ಲಿ. ಹೆಜ್ಜೆ ಕೂಡಿಸುವುದರಲ್ಲಿ ಅವರಿಗಿದ್ದ ಶ್ರದ್ಧೆ ಇದರಲ್ಲೇ ಕಾಣುತ್ತದೆ.

ಫ್ಯಾನ್‌ಚಾಂಟ್ ಎಂಬ ಪದ್ಧತಿಯ ಬಗ್ಗೆಯೂ ಹೇಳಬೇಕು. ಹಾಡಿನ ಆರಂಭದ ವಾದ್ಯಭಾಗದಲ್ಲಿ ಸಭೆ ಸದಸ್ಯರ ವೇದಿಕೆಯ ಹೆಸರುಗಳನ್ನಲ್ಲ, ನಿಜ ಹೆಸರುಗಳನ್ನು ವಯಸ್ಸಿನ ಕ್ರಮದಲ್ಲಿ ಕೂಗುತ್ತದೆ: ಕಿಮ್ ಸೋಜಂಗ್, ಜಂಗ್ ಯೆರಿನ್, ಜಂಗ್ ಉನ್‌ಬಿ, ಚೋಯ್ ಯುನಾ, ಹ್ವಾಂಗ್ ಉನ್‌ಬಿ, ಕಿಮ್ ಯೆವನ್. ಒಂದೊಂದು ಹೆಸರಿಗೂ ಲಯದಲ್ಲಿ ನಿಗದಿಯಾದ ಜಾಗ. ಒಂದು ಹೆಸರು ತೆಗೆದರೆ ತಾಳವೇ ತಪ್ಪುತ್ತದೆ. ತಂಡ ಒಡೆದಾಗ ಅಭಿಮಾನಿ ಕಳೆದುಕೊಳ್ಳುವುದು ಹಾಡನ್ನಲ್ಲ, ಹಾಡು ಎಲ್ಲೂ ಹೋಗುವುದಿಲ್ಲ. ಕಳೆಯುವುದು ಆ ಹೆಸರುಗಳನ್ನು ಒಟ್ಟಿಗೆ ಕೂಗುವ ಸಂದರ್ಭವನ್ನು. ಕೋವಿಡ್ ಬಂದ ಮೇಲೆ 2020ರ ಕಛೇರಿ ಕೂಡ ಆನ್‌ಲೈನ್‌ನಲ್ಲೇ ನಡೆದಿತ್ತು. ಕೂಗುವ ಕೊನೆಯ ಅವಕಾಶ ಯಾವುದಾಗಿತ್ತು ಎಂಬುದು ಯಾರಿಗೂ ಗೊತ್ತಾಗದೆ ಕಳೆದುಹೋಗಿತ್ತು.

ಬೇರೆಯವರ ವಿದಾಯಗಳ ಪಕ್ಕದಲ್ಲಿಟ್ಟರೆ ಇದು ಇನ್ನೂ ಸ್ಪಷ್ಟ. ವಂಡರ್ ಗರ್ಲ್ಸ್ 2017ರ ಜನವರಿ 26ರಂದು ಸುದ್ದಿ ಕೊಟ್ಟು, ತಮ್ಮ ಹತ್ತನೇ ವರ್ಷ ತುಂಬಿದ ಫೆಬ್ರುವರಿ 10ರಂದು ಕೊನೆಯ ಹಾಡು ಬಿಟ್ಟರು. ಸಿಸ್ಟಾರ್ ಅದೇ ವರ್ಷ ಮೇ 31ಕ್ಕೆ ಕೊನೆಯ ಹಾಡು ತಂದು, ಜೂನ್ ಮೊದಲ ವಾರದಲ್ಲಿ ಟಿವಿ ವೇದಿಕೆಯಲ್ಲಿ ಹಾಡಿ ಹೋದರು. ವಾನಾ ಒನ್ ಒಪ್ಪಂದ 2018ರ ಡಿಸೆಂಬರ್ 31ಕ್ಕೆ ಮುಗಿದರೂ, ಜನವರಿ ಕೊನೆಯಲ್ಲಿ ಗೋಚೋಕ್ ಸ್ಕೈ ಡೋಮ್‌ನಲ್ಲಿ ನಾಲ್ಕು ದಿನ ಕಛೇರಿ ನಡೆಯಿತು. ಜಿಫ್ರೆಂಡ್‌ಗಿಂತ ಮೂರೇ ವಾರ ಮೊದಲು ಮುಗಿದ ಐಜ್‌ಒನ್ ಕೂಡ ಮಾರ್ಚ್‌ನಲ್ಲಿ ಎರಡು ದಿನ ಆನ್‌ಲೈನ್ ಕಛೇರಿ ಕೊಟ್ಟಿತು. ಇವುಗಳಲ್ಲೂ ಕಣ್ಣೀರಿತ್ತು. ಆದರೆ ತಾರೀಖು ಮೊದಲೇ ಗೊತ್ತಿದ್ದರೆ ದುಃಖಕ್ಕೆ ಮಾಡಲು ಕೆಲಸ ಸಿಗುತ್ತದೆ: ಟಿಕೆಟ್ ಹುಡುಕುವುದು, ಫಲಕ ಬರೆಯುವುದು, ಚಾಂಟ್ ಅಭ್ಯಾಸ ಮಾಡುವುದು. ವಿದಾಯಕ್ಕೆ ಸಮಯ ಕೊಡದ ಸಂಸ್ಥೆ ಅಭಿಮಾನಿಗಳಿಂದ ಆ ಕೆಲಸವನ್ನೇ ಕಿತ್ತುಕೊಳ್ಳುತ್ತದೆ. ನನ್ನ ಮಟ್ಟಿಗೆ ಅಂದಿನ ಇಡೀ ನೋವಿನ ಬೇರು ಇದು. ಕಾಕತಾಳೀಯವೆಂದರೆ, ಸೆಕ್ಸ್‌ಕೀಸ್ ತಂಡ ತನ್ನ ವಿಸರ್ಜನೆ ಸಾರಿದ್ದೂ ಮೇ 18ರಂದೇ, 2000ದಲ್ಲಿ. ಆಗಿನ ಅಭಿಮಾನಿಗಳ ಸಿಟ್ಟು ಬೀದಿಗೆ ಬಂದಿತ್ತು.

ಮುಂದಿನ ದಿನಗಳಲ್ಲಿ ಸದಸ್ಯರ ಪತ್ರಗಳು ಒಂದೊಂದಾಗಿ ಬಂದವು. ಅವು ಬರುವಷ್ಟರಲ್ಲಿ ಎಷ್ಟೋ ಜನ ತಮ್ಮ ಸಂಗ್ರಹವನ್ನು ಮಾರಾಟಕ್ಕಿಟ್ಟಿದ್ದರು. ಮೊದಲ ವಾರದಲ್ಲಿ ಮಾರಬೇಡಿ ಎಂದು ಒತ್ತಿ ಹೇಳುತ್ತೇನೆ. ಎಲ್ಲರೂ ಒಟ್ಟಿಗೆ ಮಾರುವಾಗ ಬೆಲೆ ಬೀಳುತ್ತದೆ, ಆಲ್ಬಮ್‌ಗಳ ಮರುಮುದ್ರಣ ನಿಂತ ಮೇಲೆ ಅದೇ ವಸ್ತು ಕೈಗೆಟಕುವುದಿಲ್ಲ. ಬೇಡವೆನಿಸಿದರೆ ಡಬ್ಬಿಯಲ್ಲಿ ಹಾಕಿ ಅಟ್ಟಕ್ಕೆ ಸೇರಿಸಿ. ಒಂದು ವರ್ಷ ಬಿಟ್ಟು ತೀರ್ಮಾನಿಸಿ.

ಅಟ್ಟಕ್ಕೆ ಸೇರಿಸುವುದಕ್ಕೂ ಕ್ರಮವಿದೆ. ಕಛೇರಿಯಲ್ಲಿ ಅಭಿಮಾನಿಗಳು ಬೀಸುವ ದೀಪದ ಕೋಲು, ಅಂದರೆ ಲೈಟ್‌ಸ್ಟಿಕ್‌ನಿಂದ ಮೊದಲು ಬ್ಯಾಟರಿ ತೆಗೆಯಬೇಕು. ಬಹುತೇಕ ಲೈಟ್‌ಸ್ಟಿಕ್‌ಗಳಿಗೆ ಎಎಎ ಗಾತ್ರದ ಮೂರು ಆಲ್ಕಲೈನ್ ಸೆಲ್ ಬೇಕಾಗುತ್ತವೆ. ಬಳಸದೆ ಇಟ್ಟರೆ ಅವು ಸೋರಿ, ಬಿಳಿ ಪುಡಿ ಕಟ್ಟಿ ಸ್ಪ್ರಿಂಗನ್ನು ತಿಂದುಹಾಕುತ್ತವೆ. ಆಲ್ಬಮ್ ಜೊತೆ ಬರುವ ಸದಸ್ಯರ ಚಿತ್ರದ ಫೋಟೊಕಾರ್ಡ್ ಸಾಮಾನ್ಯವಾಗಿ 55 × 85 ಮಿ.ಮೀ. ಇರುತ್ತದೆ, ಅದಕ್ಕೆ ಒಂದೆರಡು ಮಿ.ಮೀ. ದೊಡ್ಡದಾದ ಪಾಲಿಪ್ರೊಪಿಲೀನ್ ಕವಚ ಸಾಕು. ಅಂಗಡಿಯ ಅಗ್ಗದ ಪಿವಿಸಿ ಕವಚ ಬೇಡ. ಅದನ್ನು ಮೆದುವಾಗಿಸಲು ಬೆರೆಸಿದ ರಾಸಾಯನಿಕ ನಿಧಾನವಾಗಿ ಹೊರಬಂದು ಮುದ್ರಣಕ್ಕೆ ಅಂಟಿಕೊಳ್ಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಇಡಲೇಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ಬದಲಿಸಬೇಕು. ಇಲ್ಲವಾದರೆ ಫೋಟೊಬುಕ್‌ನ ಹೊಳಪಿನ ಪುಟಗಳು ಒಂದಕ್ಕೊಂದು ಅಂಟುತ್ತವೆ, ಬಿಡಿಸಲು ಹೋದರೆ ಮುಖವೇ ಕಿತ್ತುಬರುತ್ತದೆ.

ಸಿಡಿಗಳನ್ನು ಫ್ಲ್ಯಾಕ್, ಅಂದರೆ ಧ್ವನಿಯ ಗುಣಮಟ್ಟ ಕುಂದದ, ಕಡತಗಳಾಗಿ ಇಳಿಸಿಕೊಳ್ಳಿ. ಆರೇಳು ಹಾಡಿನ ಮಿನಿ ಆಲ್ಬಮ್ 150ರಿಂದ 200 ಎಂ.ಬಿ. ಆಗಬಹುದು, ಅಷ್ಟೇ. ಸ್ಟ್ರೀಮಿಂಗ್‌ನಲ್ಲಿ ಇದೆಯಲ್ಲ ಎನ್ನುವವರು 2021ರ ಮಾರ್ಚ್ 1 ನೆನಪಿಸಿಕೊಳ್ಳಬೇಕು: ಸ್ಪಾಟಿಫೈ ಮತ್ತು ಕೊರಿಯಾದ ಹಾಡು ವಿತರಕ ಸಂಸ್ಥೆ ಕಾಕಾವ್ ಎಂ ನಡುವಿನ ಪರವಾನಗಿ ತಕರಾರಿನಿಂದ ನೂರಾರು ಕೊರಿಯನ್ ಹಾಡುಗಳು ಹತ್ತು ದಿನ ಮಾಯವಾಗಿದ್ದವು. ಕಛೇರಿಯ ಡಿವಿಡಿ ಇದ್ದರೆ ಹಿಂಬದಿಯ ಪ್ರದೇಶ ಸಂಖ್ಯೆ ನೋಡಿ. ಕೊರಿಯಾ 3ನೇ ಪ್ರದೇಶ, ಭಾರತ 5ನೆಯದು. 3 ಎಂದಷ್ಟೇ ಇದ್ದರೆ ನಮ್ಮ ಪ್ಲೇಯರ್‌ನಲ್ಲಿ ಓಡದಿರಬಹುದು. ಕಂಪ್ಯೂಟರ್ ಡ್ರೈವ್‌ನ ಪ್ರದೇಶ ಬದಲಿಸಬಹುದು, ಆದರೆ ಐದೇ ಸಲ, ಐದನೆಯದು ಶಾಶ್ವತ. ನೇರಪ್ರಸಾರದ ಹರಟೆ ವಿಡಿಯೊಗಳೇ ಎಲ್ಲಕ್ಕಿಂತ ಬೇಗ ಅಳಿಯುವಂಥವು. ಅವು ಸೇರಿದ್ದ ವಿ ಲೈವ್ ಆ್ಯಪ್ 2022ರ ಡಿಸೆಂಬರ್ 31ರಂದು ಮುಚ್ಚಿತು. ವಿಡಿಯೊ ಉಳಿಸುವಾಗ ಅಡಿಬರಹದ ಕಡತವನ್ನೂ ಅದೇ ಹೆಸರಿನಲ್ಲಿ ಪಕ್ಕದಲ್ಲೇ ಉಳಿಸಿ. ಅಡಿಬರಹ ತಪ್ಪಿಹೋದರೆ, ಎರಡು ಗಂಟೆ ನಗುತ್ತಾ ಮಾತಾಡಿದ ಆರು ಜನ ಏನು ಹೇಳಿದರೆಂದು ಭಾಷೆ ಬಾರದವರಿಗೆ ತಿಳಿಯುವುದೇ ಇಲ್ಲ.

ಮತ್ತೆ ಒಂದಾಗುತ್ತಾರೆಯೇ ಎಂಬ ಪ್ರಶ್ನೆಗೆ ಉತ್ತರ ಬಹಳಮಟ್ಟಿಗೆ ಹೆಸರಿನ ಒಡೆತನದಲ್ಲಿ ಅಡಗಿರುತ್ತದೆ. ತಂಡದ ಹೆಸರು ಸಾಮಾನ್ಯವಾಗಿ ಸಂಸ್ಥೆಯ ಟ್ರೇಡ್‌ಮಾರ್ಕ್. ಬೀಸ್ಟ್ ತಂಡದವರು 2016ರಲ್ಲಿ ಸಂಸ್ಥೆ ಬಿಟ್ಟಾಗ ಹೆಸರನ್ನೂ ಬಿಟ್ಟು, ಮುಂದಿನ ವರ್ಷ ಹೈಲೈಟ್ ಎಂಬ ಹೆಸರಿನಲ್ಲಿ ಹಾಡಬೇಕಾಯಿತು. ಗಾಟ್7 ಸದಸ್ಯರು 2021ರಲ್ಲಿ ಹೊರಬಂದು ಹೆಸರಿನ ಹಕ್ಕು ಪಡೆದುಕೊಂಡರು, ಹಾಗಾಗಿ 2022ರ ಮೇ ತಿಂಗಳಲ್ಲಿ ಅದೇ ಹೆಸರಿನಲ್ಲಿ ಮರಳಿದರು. ಉನ್ಹಾ, ಸಿನ್‌ಬಿ, ಉಮ್ಜಿ ಮೂವರು ವಿವಿಜ್ ಎಂಬ ಹೊಸ ಹೆಸರಿನಲ್ಲಿ 2022ರ ಫೆಬ್ರುವರಿ 9ರಂದು ಕಾಲಿಟ್ಟರು. ಯುಜು, ಯೆರಿನ್ ಒಂಟಿಯಾಗಿ ಹಾಡಿದರು. ಸೋವನ್ ನಟನೆಯತ್ತ ಹೊರಳಿದರು.

ಜಿಫ್ರೆಂಡ್ ಎಂಬ ಹೆಸರು ಮತ್ತೆ ಚಾಲ್ತಿಗೆ ಬಂದದ್ದು ಹತ್ತನೇ ವರ್ಷಕ್ಕೆ. 2025ರ ಜನವರಿ 13ರಂದು ಆರೂ ಜನರ ಆಲ್ಬಮ್, 17ರಿಂದ 19ರವರೆಗೆ ಸಿಯೋಲ್‌ನ ಒಲಿಂಪಿಕ್ ಹಾಲ್‌ನಲ್ಲಿ ಮೂರು ದಿನ ಕಛೇರಿ, ಆಮೇಲೆ ಏಷ್ಯಾದ ಕೆಲವು ನಗರಗಳು. ಆ ಆರು ಹೆಸರುಗಳನ್ನು ಕ್ರಮವಾಗಿ ಕೂಗುವ ಅವಕಾಶ ಮರಳಿತು, ನಾಲ್ಕು ವರ್ಷದ ಹಿಂದೆ ಸಿಗದ ವಿದಾಯವೂ ಒಂದು ಬಗೆಯಲ್ಲಿ ಸಿಕ್ಕಿತು. ಆದರೆ ಅದು ಹತ್ತನೇ ವರ್ಷದ ನಿಮಿತ್ತ ಕೂಡಿಬಂದ ಯೋಜನೆ, ಹೊಸ ದೀರ್ಘ ಒಪ್ಪಂದವಲ್ಲ. ಸದಸ್ಯರು ತಂತಮ್ಮ ಸಂಸ್ಥೆಗಳಿಗೆ ಮರಳಿದರು. ಹಲವು ಸಂಸ್ಥೆಗಳ ದಿನಚರಿ ಹೊಂದಿ, ಹೆಸರಿನ ಒಡೆಯರು ಒಪ್ಪಿ, ಆರೂ ಜನರಿಗೆ ಮನಸ್ಸಿದ್ದರೆ ಮಾತ್ರ ಮತ್ತೊಮ್ಮೆ ಹೀಗಾಗುತ್ತದೆ. ಅಂಥ ಸುದ್ದಿ ಬಂದ ದಿನ ಹಿಂದುಮುಂದು ನೋಡದೆ ಟಿಕೆಟ್ ಮಾಡಿಸಿ, ಕೊರಿಯಾದ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿದುಕೊಂಡೇ.