ಒಂದೇ ಪ್ಲೇಟು, ಎಲ್ಲಾ ಬಣ್ಣ: ಎಚ್ಚಿಂಗ್ ಬಗ್ಗೆ ಒಂದಿಷ್ಟು

ಎಚ್ಚಿಂಗ್ ಅಂದ್ರೆ ಲೋಹದ ಪ್ಲೇಟ್‌ಗೆ ಮೇಣದ ಥರದ ಲೇಪ ಹಚ್ಚಿ, ಅದರಲ್ಲಿ ಚಿತ್ರ ಗೀಚಿ, ಗೀಚಿದ ಕಡೆ ಆಸಿಡ್‌ನಿಂದ ಕೊರೆಸಿ, ಆ ಗೆರೆಗಳಿಗೆ ಇಂಕ್ ತುಂಬಿ ಪೇಪರ್ ಮೇಲೆ ಒತ್ತೋ ಕಲೆ. ಹೆಸರು ಕೇಳಿದ್ರೆ ನಮ್ಮಲ್ಲಿ ಸುಮಾರು ಜನಕ್ಕೆ ನೆನಪಾಗೋದು 17ನೇ ಶತಮಾನದ ಡಚ್ ಕಲಾವಿದ ರೆಂಬ್ರಾಂಟ್, ಇಲ್ಲಾಂದ್ರೆ ಹಳೇ ಪುಸ್ತಕಗಳಲ್ಲಿರೋ ಕೋಟೆ, ಗುಡಿಗಳ ಕಪ್ಪು ಗೆರೆ ಚಿತ್ರ. ಫೋಟೋ ಬಂದ್ಮೇಲೆ ಅದರ ಕಥೆ ಮುಗೀತು ಅನ್ಕೊಂಡವ್ರೇ ಜಾಸ್ತಿ. ನಂಗೇನೋ ಉಲ್ಟಾ ಅನ್ಸುತ್ತೆ, ಕಂಡಿದ್ದನ್ನ ಹಾಗೇ ಕಾಪಿ ಮಾಡೋ ಚಾಕರಿ ಫೋಟೋ ಪಾಲಾದ್ಮೇಲೇನೇ ಅದಕ್ಕೆ ತನ್ನಿಷ್ಟದ ಹಾಗೆ ಆಡೋಕೆ ಬಿಡುವು ಸಿಕ್ಕಿದ್ದು.

19ನೇ ಶತಮಾನದಲ್ಲೂ ಅಮೆರಿಕದ ಕಲಾವಿದ ವಿಸ್ಲರ್ ಥರದವ್ರು ಇದನ್ನ ಮತ್ತೆ ಎಬ್ಬಿಸಿದ್ರು, ಚೆನ್ನಾಗೇ ಇತ್ತು, ಆದ್ರೆ ಅದೆಲ್ಲ ಹೆಚ್ಚುಕಮ್ಮಿ ರೆಂಬ್ರಾಂಟ್ ತುಳಿದ ದಾರೀನೇ. ನಿಜವಾದ ಕಿತಾಪತಿ ಶುರುವಾಗಿದ್ದು 1927ರಲ್ಲಿ, ಪ್ಯಾರಿಸ್‌ನಲ್ಲಿ. ಸ್ಟ್ಯಾನ್ಲಿ ವಿಲಿಯಂ ಹೇಟರ್ ಅಂತ ಒಬ್ರು ಇಂಗ್ಲೆಂಡಿನವ್ರು, ಕೆಮಿಸ್ಟ್ರಿ-ಜಿಯಾಲಜಿ ಓದಿ ಇರಾನಿನ ಅಬಾದಾನ್‌ನಲ್ಲಿ ಆಯಿಲ್ ಕಂಪನೀಲಿ ಕೆಲಸ ಮಾಡಿ ಬಂದಿದ್ದವ್ರು, ಅಲ್ಲೊಂದು ಸ್ಟುಡಿಯೋ ತೆಗೆದ್ರು. ಆಮೇಲೆ ಅದು 17ನೇ ನಂಬರ್ ಮನೆಗೆ ಹೋಯ್ತು, ಹೆಸರು ಅಟೆಲಿಯೆ 17 ಅಂತಲೇ ಆಯ್ತು (ಅಟೆಲಿಯೆ ಅಂದ್ರೆ ಫ್ರೆಂಚಲ್ಲಿ ಸ್ಟುಡಿಯೋ). ಮಿರೋ, ಜಿಯಾಕೊಮೆಟ್ಟಿ ಥರದ ದೊಡ್ಡ ಕಲಾವಿದರೆಲ್ಲ ಅಲ್ಲಿ ಕೈಯಾಡಿಸಿದವ್ರೇ. ಎರಡನೇ ಮಹಾಯುದ್ಧದ ಟೈಮಲ್ಲಿ ಸ್ಟುಡಿಯೋ ನ್ಯೂಯಾರ್ಕ್‌ಗೆ ಶಿಫ್ಟ್ ಆದಾಗ ಅಮೆರಿಕದ ಪೇಂಟರ್ ಜಾಕ್ಸನ್ ಪೊಲಾಕ್ ಕೂಡ.

ಈ ಕಥೇಲಿ ನಂಗೆ ತುಂಬ ಇಷ್ಟದವ್ರು ಕೃಷ್ಣ ರೆಡ್ಡಿ. 1925ರಲ್ಲಿ ಹುಟ್ಟಿದ್ದು ಚಿತ್ತೂರು ಜಿಲ್ಲೆ, ಅಂದ್ರೆ ನಮ್ಮ ಕೋಲಾರದ ಪಕ್ಕದಲ್ಲೇ. ಶಾಂತಿನಿಕೇತನದಲ್ಲಿ ಕಲಿತು, ಲಂಡನ್ನಿಗೆ ಹೋಗಿ, ಅಲ್ಲಿಂದ ಪ್ಯಾರಿಸ್‌ಗೆ, ಹೇಟರ್ ಅವ್ರ ಸ್ಟುಡಿಯೋಗೆ. ಮೂಲತಃ ಶಿಲ್ಪಿ, ಅದಕ್ಕೇ ಅವ್ರಿಗೆ ಪ್ಲೇಟ್ ಅನ್ನೋದು ಗೆರೆ ಎಳೆಯೋ ಹಲಗೆ ಅಲ್ಲ, ಕೆತ್ತಿ, ಕೊರೆದು, ಉಜ್ಜಿ ಹಳ್ಳ-ದಿಣ್ಣೆ ಮಾಡೋ ಲೋಹ.

ಮುಂಚೆ ಕಲರ್ ಎಚ್ಚಿಂಗ್ ಅಂದ್ರೆ ಸಾಮಾನ್ಯವಾಗಿ ಬಣ್ಣಕ್ಕೊಂದು ಪ್ಲೇಟ್ ಮಾಡಿ, ಒಂದರ ಮೇಲೊಂದು ಸರಿಯಾಗಿ ಕೂರಿಸಿ ಒತ್ಬೇಕಿತ್ತು. ಹೇಟರ್, ರೆಡ್ಡಿ, ಜೊತೆಗೆ ಇನ್ನೊಬ್ಬ ಭಾರತೀಯ ಕಲಾವಿದ ಕೈಕೋ ಮೋತಿ ಸೇರಿ ಒಂದೇ ಪ್ಲೇಟಲ್ಲಿ ಎಲ್ಲಾ ಬಣ್ಣ ಹಾಕಿ ಒಂದೇ ಸಲ ಪ್ರೆಸ್‌ಗೆ ಕೊಡೋ ದಾರಿ ಹುಡುಕಿದ್ರು, ವಿಸ್ಕಾಸಿಟಿ ಪ್ರಿಂಟಿಂಗ್ ಅಂತಾರೆ (ವಿಸ್ಕಾಸಿಟಿ ಅಂದ್ರೆ ಇಂಕ್ ಎಷ್ಟು ಗಟ್ಟಿ, ಎಷ್ಟು ತೆಳು ಅನ್ನೋದು). ಮೊದ್ಲು ಆಳದ ಗೆರೆಗಳಿಗೆ ಇಂಕ್ ತುಂಬಿ ಮೇಲಿನದನ್ನ ಒರೆಸೋದು. ಆಮೇಲೆ ಅಗಸೆ ಎಣ್ಣೆ ಜಾಸ್ತಿ ಹಾಕಿ ತೆಳ್ಳಗೆ ಮಾಡಿದ ಇಂಕ್‌ನ ಗಟ್ಟಿ ರೋಲರಲ್ಲಿ ಉರುಳಿಸೋದು, ಅದು ದಿಣ್ಣೆ ಮೇಲಷ್ಟೇ ಕೂರುತ್ತೆ. ಅದಾದ್ಮೇಲೆ ಎಣ್ಣೆ ಕಮ್ಮಿ ಇರೋ ಬಿಗಿ ಇಂಕ್, ಮೆತ್ತನೆ ರೋಲರ್, ಇದು ಹಳ್ಳಕ್ಕೂ ಇಳಿಯುತ್ತೆ ಆದ್ರೆ ಆಗ್ಲೇ ಎಣ್ಣೆ ಇಂಕ್ ಇರೋ ಜಾಗಕ್ಕೆ ಹಿಡಿಯೋದೇ ಇಲ್ಲ. ಎಣ್ಣೆ ಜಾಸ್ತಿ ಆದ ಕಾವಲಿ ಮೇಲೆ ದೋಸೆ ಹಿಟ್ಟು ಕೂರದೆ ಜಾರುತ್ತಲ್ಲ, ಹಂಗೇ. ಕೇಳೋಕೆ ಇಷ್ಟೇನಾ ಅನ್ಸುತ್ತೆ, ಕೈಗೆ ಹತ್ತೋದು ಮಾತ್ರ ಸುಲಭ ಅಲ್ಲ!

1963ರ ರೆಡ್ಡಿ ಅವ್ರ ‘ವರ್ಲ್‌ಪೂಲ್’ ನೋಡಿ, ನೀರಿನ ಸುಳಿ. ನೀಲಿ ಎಲ್ಲಿ ಮುಗೀತು, ಇನ್ನೊಂದು ಬಣ್ಣ ಎಲ್ಲಿ ಶುರುವಾಯ್ತು ಅಂತ ಹೇಳೋಕಾಗಲ್ಲ.

ಈಗಿನವ್ರ ಪ್ರಯೋಗ ಆಸಿಡ್ ತನಕ ಹೋಗಿದೆ. ನೈಟ್ರಿಕ್ ಆಸಿಡ್ ಹೊಗೆ ಕುಡಿದು ಕೆಮ್ಮೋದು ಯಾರಿಗೆ ಬೇಕು ಹೇಳಿ, ಜಿಂಕ್ ಪ್ಲೇಟ್‌ಗೆ ಮೈಲುತುತ್ತ ಮತ್ತೆ ಉಪ್ಪು ಬೆರೆಸಿದ ನೀರು, ತಾಮ್ರಕ್ಕೆ ಫೆರಿಕ್ ಕ್ಲೋರೈಡ್, ಇವೆಲ್ಲ ಬಂದಿವೆ. ಹಾಗಂತ ಗ್ಲೌಸ್ ಬಿಡೋ ಹಾಗಿಲ್ಲ, ಉಳಿದ ದ್ರಾವಣನ ಸಿಂಕಿಗೆ ಸುರಿಯೋ ಹಾಗೂ ಇಲ್ಲ.

ಇನ್ನು ಎಕ್ಸಿಬಿಷನ್‌ಗಳಲ್ಲಿ “ಇದು ಪ್ರಿಂಟಾ, ಹಂಗಾದ್ರೆ ಒರಿಜಿನಲ್ ಎಲ್ಲಿದೆ” ಅಂತ ಕೇಳೋರು ಇನ್ನೂ ಸಿಗ್ತಾರೆ. ಸ್ವಾಮಿ, ನೀವು ನೋಡ್ತಿರೋದೇ ಒರಿಜಿನಲ್ಲು. ಒಂಚೂರು ಪಕ್ಕಕ್ಕೆ ನಿಂತು ಬಗ್ಗಿ ನೋಡಿ, ಪೇಪರ್ ಮೇಲೆ ಪ್ಲೇಟ್ ಒತ್ತಿದ ಗುರುತು ಕಾಣುತ್ತೆ.