ಹಳೇ ಸಿಡಿ ಓಡ್ತಿಲ್ಲ ಅಂದ್ರೆ ಸಿಡಿನೇ ಹೋಗಿದೆ ಅಂತಲ್ಲ

ಅಟ್ಟದ ಮೇಲಿನ ಡಬ್ಬ ಇಳಿಸಿದಾಗ ಸಿಗೋ ಸಿಡಿಗಳ ಬಗ್ಗೆ ನಂಟರು, ಸ್ನೇಹಿತರು ಎಲ್ಲಾ ನನ್ನನ್ನೇ ಕೇಳ್ತಾರೆ, ಎಲ್ರದ್ದೂ ಒಂದೇ ಮಾತು, "ಹಾಕಿದ್ರೆ ಏನೂ ಬರ್ತಿಲ್ಲ ಕಣೋ, ಬಿಸಾಕ್ಲಾ?" ಬಿಸಾಕ್ಬೇಡಿ. ಡ್ರೈವ್‌ಗೆ ಡಿಸ್ಕ್ ಓದೋಕಾಗ್ತಿಲ್ವಾ, ಓದಿದ್ರೂ ವಿಡಿಯೋ ಪ್ಲೇ ಆಗ್ತಿಲ್ವಾ, ಇಲ್ಲಾ ಒಳಗಿರೋ ಪ್ರೋಗ್ರಾಮ್ ಈಗಿನ ವಿಂಡೋಸ್‌ಗೆ ಒಗ್ತಿಲ್ವಾ, ಇವು ಮೂರೂ ಬೇರೆಬೇರೆ ಕಾಯಿಲೆ, ನಾವು ಮಾತ್ರ ಮೂರಕ್ಕೂ "ಸಿಡಿ ಹೋಗಿದೆ" ಅಂದ್ಬಿಡ್ತೀವಿ.

ಮೊದಲು ಡ್ರೈವ್ ವಿಷಯ. ಈಗಿನ ಲ್ಯಾಪ್‌ಟಾಪಲ್ಲಿ ಡ್ರೈವೇ ಇರಲ್ಲ, ಯುಎಸ್‌ಬಿದು ತಗೋಬೇಕು. ಅದು ಗಿರ್ರ್ ಅಂತ ಸುತ್ತಿ ನಿಂತು ಮತ್ತೆ ಸುತ್ತೋಕೆ ಶುರು ಮಾಡ್ತಿದ್ರೆ ಎಷ್ಟೋ ಸಲ ಪವರ್ ಸಾಲ್ತಿಲ್ಲ ಅಂತ ಅರ್ಥ, ಹಬ್‌ಗೆ (ಒಂದು ಪೋರ್ಟನ್ನ ನಾಲ್ಕು ಮಾಡೋ ಡಬ್ಬಿ) ಹಾಕದೆ ನೇರ ಲ್ಯಾಪ್‌ಟಾಪ್ ಪೋರ್ಟ್‌ಗೇ ಚುಚ್ಚಿ. ಒಂದು ಡ್ರೈವ್ ಓದದ ಡಿಸ್ಕನ್ನ ಇನ್ನೊಂದು ಓದೋದು ಮಾಮೂಲು, ಬೆಂಗಳೂರಲ್ಲಿದ್ರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಲ್ಲಿ ಹಳೇ ಡ್ರೈವೊಂದು ಹುಡುಕ್ಕೊಳ್ಳಿ. ಒರೆಸೋದಾದ್ರೆ ಮೆತ್ತನೆ ಬಟ್ಟೆಯಲ್ಲಿ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿಸಿ ಒರೆಸ್ಬೇಡಿ, ಯಾಕಂದ್ರೆ ಡೇಟಾ ಇರೋದೇ ಸುತ್ತು ಸುತ್ತಾಗಿ, ಆ ದಿಕ್ಕಲ್ಲೇ ಗೀರು ಬಿದ್ರೆ ಒಂದೇ ಕಡೆ ಉದ್ದಕ್ಕೆ ಡೇಟಾ ಹೋಗತ್ತೆ. ಹೊಳೆಯೋ ಕಡೆ ಗೀರು ಬಿದ್ರೆ ಎಲ್ಲಾ ಮುಗೀತು ಅಂದ್ಕೋತಾರೆ, ಆದ್ರೆ ನಿಜವಾಗ್ಲೂ ಡೇಂಜರ್ ಇರೋದು ಹೆಸರು ಬರೆಯೋ ಕಡೆ, ಸಿಡಿಲಿ ಡೇಟಾ ಪದರ ಇರೋದು ಆ ಬದಿಯ ತೆಳು ಲೇಪದ ಕೆಳಗೇನೇ. ಲೈಟ್‌ಗೆ ಹಿಡಿದಾಗ ತೂತು ಕಂಡ್ರೆ ಅಷ್ಟು ಭಾಗದ ಆಸೆ ಬಿಡಿ.

ನಮ್ಮ ಕಡೆ ಜಾಸ್ತಿ ಬರೋದು ಮದುವೆ ವಿಸಿಡಿ, ಅಂದ್ರೆ ವಿಡಿಯೋ ಸಿಡಿ. 352 ಇಂಟು 288 ಪಿಕ್ಸೆಲ್ ಸೈಜಿನ, ಎಂಪೆಗ್-1 ಅನ್ನೋ ಹಳೇ ಥರದ ವಿಡಿಯೋ, ಈಗಿನ ಟಿವಿಲಿ ಮಸಕು ಮಸಕಾಗೇ ಕಾಣತ್ತೆ, ಅದು ಕೆಟ್ಟಿರೋದಲ್ಲ, ಇದ್ದಿದ್ದೇ ಹಾಗೆ. ಕಂಪ್ಯೂಟರಲ್ಲಿ ಡಬಲ್ ಕ್ಲಿಕ್ ಮಾಡಿದ್ರೆ ಏನೂ ಆಗಲ್ಲ ಅಂತ ಗಾಬರಿ ಆಗ್ಬೇಡಿ, ಎಂಪೆಗ್‌ಎವಿ ಅನ್ನೋ ಫೋಲ್ಡರ್ ಒಳಗೆ ಡ್ಯಾಟ್ ಅಂತ ಕೊನೆ ಆಗೋ ದೊಡ್ಡ ಫೈಲ್ ಇರತ್ತೆ, ಅದನ್ನ ವಿಎಲ್‌ಸಿ ಅನ್ನೋ ಫ್ರೀ ವಿಡಿಯೋ ಪ್ಲೇಯರ್ ಒಳಗೆ ಎಳೆದು ಬಿಟ್ರೆ ಸಾಕು.

ಕಾಪಿ ಮಾಡೋಕೆ ಹೋದಾಗ ತಾನೇ ಅಸಲಿ ತಲೆನೋವು. ನಮ್ಮ ಚಿಕ್ಕಮ್ಮನ ಮದುವೆ ಡಿಸ್ಕು ಹಳೇ ಪ್ಲೇಯರಲ್ಲಿ ಪೂರ್ತಿ ಓಡ್ತಿತ್ತು, ಧಾರೆ ಹೊತ್ತಿಗೆ ಒಂಚೂರು ಚೌಕ ಚೌಕ ಆಗ್ತಿತ್ತು ಅಷ್ಟೇ, ಆದ್ರೆ ಕಂಪ್ಯೂಟರಲ್ಲಿ ಕಾಪಿ ಸರಿಯಾಗಿ ಆ ಜಾಗಕ್ಕೇ ಬಂದು ಎರರ್ ಕೊಟ್ಟು ನಿಂತೋಗ್ತಿತ್ತು. ಕಾರಣ ಏನಪ್ಪಾ ಅಂದ್ರೆ ಮಾಮೂಲಿ ಡೇಟಾ ಸಿಡಿಲಿ ಒಂದೊಂದು ಸೆಕ್ಟರ್‌ಗೆ (ಡಿಸ್ಕಲ್ಲಿ ಡೇಟಾ ಇಡೋ ಸಣ್ಣ ತುಂಡು) 2048 ಬೈಟ್ ಡೇಟಾ, ಜೊತೆಗೆ ತಪ್ಪು ತಿದ್ದೋಕೆ ಅಂತ ಒಂದಷ್ಟು ಬೈಟ್ ಎತ್ತಿಟ್ಟಿರ್ತಾರೆ. ವಿಸಿಡಿಲಿ ಆ ಜಾಗಕ್ಕೂ ವಿಡಿಯೋನೇ ತುಂಬಿ 2324 ಬೈಟ್ ಮಾಡ್ಕೊಂಡಿದ್ದಾರೆ, ಹಂಗಾಗಿ ಗೀರು ಬಿದ್ರೆ ಸರಿಮಾಡ್ಕೊಳ್ಳೋಕೆ ಅಷ್ಟೇನೂ ಆಸರೆ ಇಲ್ಲ. ಪ್ಲೇಯರ್ ಹೋದ್ರೆ ಹೋಗ್ಲಿ ಅಂತ ಮುಂದೆ ಓಡತ್ತೆ, ಕಂಪ್ಯೂಟರ್ ಒಂದು ಬೈಟ್ ಸಿಗ್ಲಿಲ್ಲ ಅಂತ ಇಡೀ ಫೈಲನ್ನೇ ಬೇಡ ಅನ್ನತ್ತೆ. ಐಸೋಬಸ್ಟರ್ ಥರದ ಸಾಫ್ಟ್‌ವೇರ್ ಹಾಕ್ಕೊಂಡ್ರೆ ಓದಕ್ಕಾಗದ ಸೆಕ್ಟರ್ ಜಾಗದಲ್ಲಿ ಸೊನ್ನೆ ತುಂಬಿ ಮುಂದೆ ಹೋಗು ಅನ್ಬಹುದು. ಧಾರೆಯಲ್ಲಿ ಚೌಕ ಹಾಗೇ ಉಳೀತು, ಆದ್ರೆ ಮಿಕ್ಕಿದ್ದೆಲ್ಲ ಬಂತು, ಚಿಕ್ಕಮ್ಮಂಗೆ ಅಷ್ಟೇ ಬೇಕಿದ್ದಿದ್ದು.

ಇನ್ನು ಎನ್‌ಸೈಕ್ಲೋಪೀಡಿಯ, ಮಕ್ಕಳ ಪಾಠ, ಮ್ಯಾಗಜೀನ್ ಜೊತೆ ಬರ್ತಿದ್ದ ಸಿಡಿ. ಇಲ್ಲಿ ಡಿಸ್ಕ್ ಚೆನ್ನಾಗೇ ಇರತ್ತೆ, ಫೈಲೆಲ್ಲ ಕಾಣತ್ತೆ, ಸೆಟಪ್ ಒತ್ತಿದ್ರೆ ಈ ಆಪ್ ನಿಮ್ಮ ಪಿಸಿಲಿ ಓಡಲ್ಲ ಅನ್ನತ್ತೆ. ವಿಂಡೋಸ್ 3.1, 95 ಕಾಲದ ಎಷ್ಟೋ ಸೆಟಪ್‌ಗಳು 16-ಬಿಟ್‌ನವು, ಅಂದ್ರೆ ತೀರಾ ಹಳೇ ಥರದ ಪ್ರೋಗ್ರಾಮುಗಳು, 64-ಬಿಟ್ ವಿಂಡೋಸ್‌ಗೆ ಅದು ಬರಲ್ಲ, ವಿಂಡೋಸ್ 11 ಅಂತೂ ಬಂದಿದ್ದೇ 64-ಬಿಟ್ ಆಗಿ. ಹಳೇ ವಿಂಡೋಸ್ ಥರ ನಟಿಸೋ ಕಂಪ್ಯಾಟಿಬಿಲಿಟಿ ಮೋಡ್ ಹಾಕಿ ಅಂತ ಎಲ್ರೂ ಹೇಳ್ತಾರಲ್ಲ, ಈ ಕೇಸಲ್ಲಿ ಅದರಿಂದ ಪ್ರಯೋಜನ ಇಲ್ಲ, ಟೈಮ್ ವೇಸ್ಟ್. ಅದು ಉಪಯೋಗಕ್ಕೆ ಬರೋದು ಪ್ರೋಗ್ರಾಮ್ ಓಪನ್ ಆಗಿ "256 ಕಲರ್‌ಗೆ ಬದಲಾಯ್ಸಿ" ಅಂತ ಹಠ ಹಿಡಿದಾಗ. ಮಿಕ್ಕಿದ್ದಕ್ಕೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸೋ ಸಾಫ್ಟ್‌ವೇರ್) ಒಳಗೆ 32-ಬಿಟ್ ವಿಂಡೋಸ್ ಎಕ್ಸ್‌ಪಿ ಹಾಕಿ, ಸಿಡಿನ ಇಮೇಜ್, ಅಂದ್ರೆ ಇಡೀ ಸಿಡಿಯ ನಕಲನ್ನ ಫೈಲಾಗಿ ಮಾಡಿ ಅದಕ್ಕೆ ಕೊಡಿ. ಹಾಡಿನ ಟ್ರ್ಯಾಕೂ ಸೇರಿರೋ ಸಿಡಿ ಆದ್ರೆ ಬರೀ ಡೇಟಾ ಹಿಡಿಯೋ ಐಎಸ್‌ಒ ಇಮೇಜ್ ಬೇಡ, ಹಾಡನ್ನೂ ಹಿಡಿಯೋ ಬಿನ್-ಕ್ಯೂ ಇಮೇಜ್ ಮಾಡಿ, ಇಲ್ದಿದ್ರೆ ಮ್ಯೂಸಿಕ್ ಬರಲ್ಲ. ಪ್ರೋಗ್ರಾಮ್ ಬೇಡ, ಬರೀ ವಿಡಿಯೋ ಸಾಕು ಅಂದ್ರೆ ಇಷ್ಟೆಲ್ಲಾ ಒದ್ದಾಟನೂ ಬೇಡ, ಎವಿಐ, ಎಂಒವಿ ಫೈಲುಗಳನ್ನ ಹುಡುಕಿ ವಿಎಲ್‌ಸಿಗೆ ಕೊಡಿ, ಇಂಡಿಯೊ, ಸಿನೆಪ್ಯಾಕ್ ಥರದ ಹಳೇ ಕೋಡೆಕ್‌ಗಳದ್ದು (ವಿಡಿಯೋನ ಚಿಕ್ಕದು ಮಾಡಿಡೋ ವಿಧಾನಗಳು) ಸಾಮಾನ್ಯವಾಗಿ ಓಡತ್ತೆ.

ಕನ್ನಡ ಸಿಡಿಗಳಿಗೆ ಇನ್ನೊಂದು ಸ್ಪೆಷಲ್ ಗ್ರಹಚಾರ. ಎಲ್ಲಾ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಯೂನಿಕೋಡ್‌ಗಿಂತ ಮುಂಚಿನವಾದ್ರೆ ಎಲ್ಲಾ ಸರಿಯಾಗಿ ಓಪನ್ ಆಗಿ ಅಕ್ಷರ ಮಾತ್ರ ಗೊಜ್ಜಾಗಿರತ್ತೆ. ನುಡಿ ಫಾಂಟಲ್ಲಿ ಟೈಪ್ ಮಾಡಿದ್ದ "ಕನ್ನಡ" ಅನ್ನೋದು ಇಂಗ್ಲಿಷಿನ ಪಿ, ನೆತ್ತಿ ಮೇಲೆ ಗೀಟಿರೋ ಎ, ಆಮೇಲೆ ಪೌಂಡ್ ಚಿಹ್ನೆ ಹಿಂಗೆಲ್ಲಾ ಕಾಣತ್ತೆ. ಫೈಲ್ ಕೆಟ್ಟಿದೆ ಅಂತ ಡಿಲೀಟ್ ಮಾಡ್ಬೇಡಿ ದಯವಿಟ್ಟು. ಸಿಡಿ ಒಳಗೇ ಫಾಂಟ್ಸ್ ಅನ್ನೋ ಫೋಲ್ಡರ್ ಇದ್ಯಾ ನೋಡಿ, ಇದ್ರೆ ಅದನ್ನ ಇನ್‌ಸ್ಟಾಲ್ ಮಾಡಿ, ಇಲ್ದಿದ್ರೆ ನುಡಿ ಅಥ್ವಾ ಬರಹ ಹಾಕಿ ನೋಡಿ, ಟೆಕ್ಸ್ಟ್ ಕಾಪಿ ಆಗೋ ಹಂಗಿದ್ರೆ ಕನ್ವರ್ಟರಲ್ಲಿ ಯೂನಿಕೋಡ್ ಮಾಡಿಟ್ಕೊಳ್ಳಿ.

ಕಾಪಿ ಪ್ರೊಟೆಕ್ಷನ್ ಇರೋ ಗೇಮ್ ಸಿಡಿಗಳ ಕಥೆನೇ ಬೇರೆ. ಸೇಫ್‌ಡಿಸ್ಕ್ ಅನ್ನೋ ಕಾಪಿ ಪ್ರೊಟೆಕ್ಷನ್‌ಗೆ ಬೇಕಾಗಿದ್ದ ಡ್ರೈವರನ್ನ ಸೆಕ್ಯೂರಿಟಿ ಕಾರಣಕ್ಕೆ ವಿಂಡೋಸ್ 10ರಲ್ಲಿ ಓಡೋಕೇ ಬಿಡಲ್ಲ, ಅಂಥಾ ಗೇಮು ಆಡ್ಲೇಬೇಕು ಅನ್ನೋರು ಅದರದ್ದೇ ಹೊಸ ಡಿಜಿಟಲ್ ಆವೃತ್ತಿ ಮಾರಾಟಕ್ಕಿದ್ಯಾ ನೋಡೋದು ವಾಸಿ, ಇಲ್ಲಾಂದ್ರೆ ಹಳೇ ಎಕ್ಸ್‌ಪಿ ಕಂಪ್ಯೂಟರ್ ಒಂದನ್ನ ಇಂಟರ್ನೆಟ್‌ಗೆ ಸೇರಿಸದೆ ಮೂಲೆಲಿ ಇಟ್ಕೊಳ್ಳಿ.