ಪಿಯಾಸ್ಟ್ರಿ ಬಿಟ್ಟುಕೊಟ್ಟ ಮೂರು ಅಂಕ

2025ರ ಸೆಪ್ಟೆಂಬರ್ 7ರ ಭಾನುವಾರ ಮಧ್ಯಾಹ್ನದ ಮೇಲೆ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ರಾತ್ರಿ ಖಗ್ರಾಸ ಚಂದ್ರಗ್ರಹಣವಿದ್ದುದರಿಂದ ಅಮ್ಮ ವೇಧ ಹಿಡಿಯುವ ಮೊದಲೇ ಎಲ್ಲರಿಗೂ ಊಟ ಬಡಿಸಿ, ಕುಡಿಯುವ ನೀರಿಗೂ ಉಪ್ಪಿನಕಾಯಿ ಭರಣಿಗೂ ದರ್ಭೆ ಹಾಕಿ, ಪಾತ್ರೆಗಳನ್ನೆಲ್ಲ ತೊಳೆದು ಬೋರಲಿಟ್ಟಿದ್ದರು. ಹಿಂದಿನ ದಿನ ಬೆಳಗ್ಗೆ ಹೊರಟ ಪುಣೆಯ ಗಣಪತಿ ವಿಸರ್ಜನೆಯ ಮೆರವಣಿಗೆ ಅಂದು ಮಧ್ಯಾಹ್ನವಾದರೂ ಮುಗಿದಿರಲಿಲ್ಲ; ಢೋಲು ತಾಶೆಗಳ ಸದ್ದು ನಮ್ಮ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಸಂಜೆ ಆರೂವರೆಗೆ ಇಟಲಿಯ ಮೊನ್ಜಾದಲ್ಲಿ ಫಾರ್ಮುಲಾ ಒನ್ ರೇಸು ಆರಂಭವಾಗುವಾಗ ನಾವು ನಾಲ್ವರು ಕನ್ನಡಿಗರು, ಅಂದರೆ ಹುಬ್ಬಳ್ಳಿಯ ನಾನು, ಕಲಬುರಗಿಯ ಇಬ್ಬರು ಮತ್ತು ಕುಂದಾಪುರದ ಒಬ್ಬರು, ಪುಣೆ ಪಕ್ಕದ ನಿಗಡಿ ಪ್ರಾಧಿಕರಣದ ನಮ್ಮ ಮನೆಯ ಟಿವಿಯ ಮುಂದೆ ಕುಳಿತಿದ್ದೆವು. ಕುಂದಾಪುರದವರು ಗುಟ್ಟಾಗಿ ಒಂದು ಪೊಟ್ಟಣ ಭಾಕರವಡಿ ತಂದಿದ್ದರು. ಅಮ್ಮ ಕಂಡೂ ಕಾಣದವರಂತೆ ಇದ್ದುಬಿಟ್ಟರು.

ಆ ರೇಸು ಸರಾಸರಿ ಗಂಟೆಗೆ 250 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ನಡೆದು ಈ ಕ್ರೀಡೆಯ ಇತಿಹಾಸದಲ್ಲೇ ಅತಿ ವೇಗದ ರೇಸೆಂದು ದಾಖಲಾಯಿತು. ನಮಗೆ ಮಾತ್ರ ನೆನಪಿನಲ್ಲಿ ಉಳಿದದ್ದು ಒಂದು ಕಾರು ಬೇಕೆಂದೇ ವೇಗ ತಗ್ಗಿಸಿದ ಗಳಿಗೆ. ಮುಂದೆ ರೆಡ್‌ಬುಲ್ ತಂಡದ ಮ್ಯಾಕ್ಸ್ ವರ್ಸ್ಟಾಪನ್ ಒಬ್ಬರೇ ಓಡುತ್ತಿದ್ದರು. ಎರಡನೆಯ ಸ್ಥಾನದಲ್ಲಿ ಮೆಕ್‌ಲಾರೆನ್ ತಂಡದ ಲ್ಯಾಂಡೊ ನಾರಿಸ್, ಮೂರನೆಯದರಲ್ಲಿ ಅದೇ ತಂಡದ ಆಸ್ಕರ್ ಪಿಯಾಸ್ಟ್ರಿ. ಟೈರು ಬದಲಿಸುವ ಸರದಿ ಮುಂದಿದ್ದ ನಾರಿಸ್ ಅವರದಾಗಿದ್ದರೂ, ಹಿಂದಿನಿಂದ ಬರುತ್ತಿದ್ದ ಫೆರಾರಿ ತಂಡದ ಲೆಕ್ಲೇರ್ ಅವರಿಂದ ಪಿಯಾಸ್ಟ್ರಿಯನ್ನು ಕಾಪಾಡಲೆಂದು ತಂಡ ಅವರನ್ನೇ ಮೊದಲು ಕರೆಯಿತು. ಆಮೇಲೆ ಬಂದ ನಾರಿಸ್ ಅವರ ಒಂದು ಚಕ್ರ ಬೇಗ ಕೂರಲಿಲ್ಲ, ಅವರು ಹೊರಬರುವಷ್ಟರಲ್ಲಿ ಪಿಯಾಸ್ಟ್ರಿ ಮುಂದಾಗಿದ್ದರು. ಸ್ಥಾನವನ್ನು ಹಿಂದಿರುಗಿಸಬೇಕೆಂದು ರೇಡಿಯೊದಲ್ಲಿ ಸೂಚನೆ ಬಂತು. ಟೈರು ಬದಲಿಸುವ ಜಾಗವಾದ ಪಿಟ್‌ನಲ್ಲಿ ತಡವಾಗುವುದು ರೇಸಿನ ಒಂದು ಭಾಗವೆಂದು ನಾವೇ ಮೊದಲು ಮಾತಾಡಿಕೊಂಡಿದ್ದೆವಲ್ಲ, ಈಗ ಬದಲಾದದ್ದೇನೆಂದು ತಿಳಿಯುತ್ತಿಲ್ಲ, ನಿಮಗೆ ಬೇಕೇಬೇಕಾದರೆ ಮಾಡುತ್ತೇನೆ ಎಂಬ ಅರ್ಥದ ಒಂದು ಮಾತನ್ನು ಪಿಯಾಸ್ಟ್ರಿ ಆಡಿದರು. ಮರುಕ್ಷಣವೇ ಬದಿಗೆ ಸರಿದು ಜಾಗ ಬಿಟ್ಟರು. ಎರಡನೆಯ ಸ್ಥಾನಕ್ಕೆ 18 ಅಂಕ, ಮೂರನೆಯದಕ್ಕೆ 15. ಚಾಂಪಿಯನ್‌ಶಿಪ್ ಪಟ್ಟಿಯಲ್ಲಿ ನಾರಿಸ್ ಮೇಲೆ ಅವರಿಗಿದ್ದ ಮುನ್ನಡೆ 34ರಿಂದ 31ಕ್ಕೆ ಇಳಿಯಿತು.

ಕಲಬುರಗಿಯವರಲ್ಲಿ ಒಬ್ಬರು ಸಿಟ್ಟಿನಿಂದ ಎದ್ದು ಬಾಲ್ಕನಿಗೆ ಹೋದರು. ಇನ್ನೊಬ್ಬರು, "ಎಂಥಾ ಸಾದಾ ಹುಡುಗ ನೋಡ್ರಿ" ಎಂದರು.

ಈ "ಸಾದಾ ಹುಡುಗ" ಎಂಬ ಮಾತಿನ ಮೇಲೆ ನನಗೊಂದು ತಕರಾರಿದೆ. ಪಿಯಾಸ್ಟ್ರಿ ಅಭಿಮಾನಿಗಳಲ್ಲಿ ಯಾರನ್ನೇ ಕೇಳಿ, ವಿನಯವಂತ, ಗರ್ವವಿಲ್ಲದವನು, ಮಿತಭಾಷಿ ಎನ್ನುತ್ತಾರೆ. ಅದು ಸುಳ್ಳಲ್ಲ. ಗೆದ್ದಾಗ ಕೂಗಾಟವಿಲ್ಲ, ಸೋತಾಗ ರಂಪವಿಲ್ಲ. ಮನೆಯಲ್ಲಿ ಹಾಸ್ಯದ ಗುತ್ತಿಗೆಯನ್ನು ತಾಯಿ ನಿಕೋಲ್ ಹಿಡಿದಿದ್ದಾರೆಂದು ತೋರುತ್ತದೆ, ಆಕೆ ಸಾಮಾಜಿಕ ಜಾಲತಾಣದಲ್ಲಿ ಮಗನನ್ನು ಕಾಲೆಳೆಯುವುದನ್ನು ಓದಲೆಂದೇ ಕಾಯುವವರಿದ್ದಾರೆ. ಆದರೆ ನಮ್ಮಲ್ಲಿ ವಿನಯವೆಂದರೆ ತಲೆ ತಗ್ಗಿಸಿ ಹೇಳಿದ್ದಕ್ಕೆಲ್ಲ ಹೂಂಗುಟ್ಟುವುದು ಎಂಬ ಅರ್ಥವೂ ಸೇರಿಕೊಂಡಿದೆ. ಆ ಅರ್ಥದಲ್ಲಿ ಈ ಮನುಷ್ಯ ವಿನಯವಂತ ಅಲ್ಲವೇ ಅಲ್ಲ.

2022ರ ಆಗಸ್ಟ್ 2ನ್ನು ನೆನಪಿಸಿಕೊಳ್ಳಿ. 2001ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿ, ರಿಮೋಟ್ ಕಾರುಗಳ ಸ್ಪರ್ಧೆಯಿಂದ ಆರಂಭಿಸಿ, 14ನೆಯ ವಯಸ್ಸಿಗೆ ಇಂಗ್ಲೆಂಡಿನ ವಸತಿ ಶಾಲೆ ಸೇರಿದ ಈ ಹುಡುಗ 2019ರಲ್ಲಿ ಫಾರ್ಮುಲಾ ರೆನೋ ಯುರೋಕಪ್, 2020ರಲ್ಲಿ ಫಾರ್ಮುಲಾ ತ್ರೀ, 2021ರಲ್ಲಿ ಫಾರ್ಮುಲಾ ಟೂ, ಹೀಗೆ ಮೂರು ವರ್ಷ ಸಾಲಾಗಿ ಫಾರ್ಮುಲಾ ಒನ್‌ಗಿಂತ ಕೆಳಗಿನ ಹಂತಗಳ ಮೂರು ಪಟ್ಟಗಳನ್ನು ಗೆದ್ದಿದ್ದರು. ಇಷ್ಟಾದರೂ ಮುಂದಿನ ವರ್ಷ ಫಾರ್ಮುಲಾ ಒನ್‌ನಲ್ಲಿ ಕೂರಲು ಸೀಟಿರಲಿಲ್ಲ. ಆಲ್ಪೀನ್ ತಂಡದ ಮೀಸಲು ಚಾಲಕನಾಗಿ ಒಂದು ವರ್ಷ ಕಾಯಬೇಕಾಯಿತು. ಕೊನೆಗೆ ಅದೇ ತಂಡ 2023ಕ್ಕೆ ಇವರೇ ನಮ್ಮ ಚಾಲಕ ಎಂದು ಪ್ರಕಟಿಸಿದಾಗ, ಇಪ್ಪತ್ತೊಂದು ವರ್ಷದ ಪಿಯಾಸ್ಟ್ರಿ ಅದು ತನ್ನ ಒಪ್ಪಿಗೆಯಿಲ್ಲದೆ ಹೊರಟ ಪ್ರಕಟಣೆ, ತಾನು ಆ ತಂಡಕ್ಕೆ ಓಡಿಸುವುದಿಲ್ಲ ಎಂದು ಜಗತ್ತಿಗೇ ಹೇಳಿಬಿಟ್ಟರು. ಒಂದು ತಿಂಗಳ ನಂತರ ಒಪ್ಪಂದಗಳ ಮಂಡಳಿ ಮೆಕ್‌ಲಾರೆನ್ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿ ಅವರಿಗಾಗಿ ಸೀಟು ತೆರವು ಮಾಡಬೇಕಾಗಿ ಬಂದದ್ದು ಇನ್ನೊಬ್ಬ ಆಸ್ಟ್ರೇಲಿಯನ್, ಎಲ್ಲರ ಅಚ್ಚುಮೆಚ್ಚಿನ ಡೇನಿಯಲ್ ರಿಕಾರ್ಡೊ. ಆಗ ಈ ಹುಡುಗನನ್ನು ಅಹಂಕಾರಿ, ಉಪಕಾರ ಸ್ಮರಣೆಯಿಲ್ಲದವನು ಎಂದು ಬೈದವರಲ್ಲಿ ನಾನೂ ಒಬ್ಬ. ಅವರ ವ್ಯವಹಾರ ನೋಡಿಕೊಳ್ಳುವ ಮಾರ್ಕ್ ವೆಬರ್ ರೆಡ್‌ಬುಲ್‌ನಲ್ಲಿ ಎರಡನೆಯ ಚಾಲಕನೆಂಬ ಕಹಿಯನ್ನು ವರ್ಷಗಟ್ಟಲೆ ಉಂಡವರು. ಶಿಷ್ಯನಿಗೆ ಆ ಪಾಡು ಬಾರದಿರಲಿ ಎಂದು ಲೆಕ್ಕ ಹಾಕಿರಬೇಕೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಹಾಗೆಯೇ 2024ರ ಅಜರ್‌ಬೈಜಾನಿನ ಬಾಕು ರೇಸು. ಲೆಕ್ಲೇರ್ ಹಿಂದೆ ಓಡುತ್ತಿದ್ದಾಗ ಟೈರುಗಳನ್ನು ಕಾಯ್ದುಕೊಳ್ಳಬೇಕೆಂಬ ಎಂಜಿನಿಯರರ ಸಲಹೆಯನ್ನು ಬದಿಗಿಟ್ಟು, ಇಪ್ಪತ್ತನೆಯ ಸುತ್ತಿನಲ್ಲಿ ಬಹಳ ಹಿಂದಿನಿಂದ ಒಳಗೆ ನುಗ್ಗಿ ಮುಂದಾದರು, ಉಳಿದ ಮೂವತ್ತು ಸುತ್ತು ಬೆನ್ನಿಗೆ ಅಂಟಿಕೊಂಡಿದ್ದ ಫೆರಾರಿಗೆ ಜಾಗ ಕೊಡದೆ ಗೆದ್ದರು. ಹೇಳಿದಂತೆ ಕೇಳುವ ಹುಡುಗರು ಆ ತಿರುವಿನಲ್ಲಿ ಬ್ರೇಕ್ ಒತ್ತುತ್ತಾರೆ.

ಬ್ರೇಕಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಾನು ಚಾಕಣ್ ಬಳಿಯ ಒಂದು ಕಾರ್ಖಾನೆಯಲ್ಲಿ ಬ್ರೇಕಿನ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವವನು. ಹಾಗಾಗಿ 2025ರ ಜುಲೈ 6ರ ಇಂಗ್ಲೆಂಡಿನ ಸಿಲ್ವರ್‌ಸ್ಟನ್ ರೇಸಿನ ತೀರ್ಪುಗಾರರ ಟಿಪ್ಪಣಿಯನ್ನು ಅಭಿಮಾನಿಯಾಗಿ ಒಮ್ಮೆ, ಕಸುಬುದಾರನಾಗಿ ಇನ್ನೊಮ್ಮೆ ಓದಿದೆ. ಮಳೆಯ ರೇಸು, ಪಿಯಾಸ್ಟ್ರಿ ಮುಂದಿದ್ದರು, ಅಪಾಯದ ವೇಳೆ ಎಲ್ಲರನ್ನೂ ನಿಧಾನವಾಗಿ ಮುನ್ನಡೆಸುವ ಸೇಫ್ಟಿ ಕಾರು ದೀಪ ಆರಿಸಿ ಒಳಗೆ ಹೋಗುವ ಹೊತ್ತಿಗೆ ಅವರು 59.2 ಪಿಎಸ್‌ಐ ಒತ್ತಡದಲ್ಲಿ ಬ್ರೇಕ್ ಹಾಕಿ ವೇಗವನ್ನು ಗಂಟೆಗೆ 218ರಿಂದ 52 ಕಿಲೋಮೀಟರಿಗೆ ಇಳಿಸಿದರೆಂದೂ, ಹಿಂದಿದ್ದ ವರ್ಸ್ಟಾಪನ್ ಡಿಕ್ಕಿ ತಪ್ಪಿಸಲು ಹೊರಳಬೇಕಾಯಿತೆಂದೂ ಹೇಳಿ ಹತ್ತು ಸೆಕೆಂಡಿನ ದಂಡ ಹಾಕಿದರು. ನಮ್ಮ ಅಳತೆಯಲ್ಲಿ ಅದು ಸುಮಾರು 4 ಬಾರ್. ಬರಿಯ ಒತ್ತಡವನ್ನು ನೋಡಿದರೆ ಭಯಂಕರವಾದುದೇನೂ ಇಲ್ಲ. ಹಳೆಯ ಹೆದ್ದಾರಿಯಲ್ಲಿ ಎಮ್ಮೆ ಅಡ್ಡ ಬಂದಾಗ ನಮ್ಮ ಸಾಧಾರಣ ಕಾರಿನಲ್ಲೇ ಅದರ ಎಷ್ಟೋ ಪಟ್ಟು ಒತ್ತಡ ಏರುತ್ತದೆ. ಆದರೆ 218ರಿಂದ 52ಕ್ಕೆ ಇಳಿದದ್ದು ಇಳಿದದ್ದೇ. ನನ್ನ ಮಟ್ಟಿಗೆ ದಂಡ ತುಸು ಹೆಚ್ಚಾಯಿತು, ತಪ್ಪೇ ಇರಲಿಲ್ಲ ಎನ್ನಲಾರೆ.

ಪಿಯಾಸ್ಟ್ರಿ ಅದನ್ನು ತಪ್ಪೆಂದು ಒಪ್ಪಲಿಲ್ಲ. ಮೊದಲೂ ಹಾಗೆಯೇ ಮಾಡಿದ್ದೆ, ಹೊಸದಾಗಿ ಏನನ್ನೂ ಮಾಡಿಲ್ಲ ಎಂದರು. ದಂಡ ಅನ್ಯಾಯವೆಂದು ತಂಡಕ್ಕೂ ಅನಿಸಿದರೆ ಸ್ಥಾನ ಅದಲುಬದಲು ಮಾಡುವಿರಾ ಎಂದು ರೇಡಿಯೊದಲ್ಲಿ ಕೇಳಿಯೂ ನೋಡಿದರು. ತಂಡ ಇಲ್ಲವೆಂದಿತು, ನಾರಿಸ್ ಗೆದ್ದರು. ಆಮೇಲಿನ ಸಂದರ್ಶನದಲ್ಲಿ, ಹೆಚ್ಚು ಮಾತಾಡಿದರೆ ತನಗೇ ತೊಂದರೆ ಎಂದಷ್ಟೇ ಹೇಳಿ ಸುಮ್ಮನಾದರು. ಅದೇ ಮನುಷ್ಯ ಎರಡೂವರೆ ತಿಂಗಳ ನಂತರ ಬಾಕುವಿನಲ್ಲಿ ಅರ್ಹತಾ ಸುತ್ತಿನಲ್ಲಿ ಗೋಡೆಗೆ ಗುದ್ದಿ, ಮರುದಿನ ರೇಸಿನ ಆರಂಭದ ದೀಪ ಆರುವ ಮೊದಲೇ ಕಾರು ಸರಿಸಿ, ಎಲ್ಲರಿಗಿಂತ ಹಿಂದೆ ಬಿದ್ದು, ಮೊದಲ ಸುತ್ತಿನಲ್ಲೇ ಮತ್ತೆ ಗೋಡೆ ಸೇರಿದಾಗ, ಕಾರನ್ನಾಗಲಿ ಟೈರನ್ನಾಗಲಿ ದೂರದೆ ಎಲ್ಲವೂ ತನ್ನ ತಪ್ಪೆಂದು ಹೇಳಿದರು. ಎರಡೂ ಸಲ ಧ್ವನಿ ಒಂದೇ ಮಟ್ಟದಲ್ಲಿತ್ತು. ನಾವು ವಿನಯವೆನ್ನುವುದು ಇದನ್ನೇ ಇರಬೇಕು: ತನ್ನದಾದ ತಪ್ಪಿನ ತೂಕವನ್ನು ಒಂದು ಗುಲಗಂಜಿಯೂ ಹೆಚ್ಚುಕಡಿಮೆ ಮಾಡದೆ ಹೇಳುವುದು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಅಮ್ಮ ಇವರನ್ನು ಹೊಗಳುತ್ತಿದ್ದರು; ಬಾಕುವಿನಲ್ಲಿ ಕೊಡ ತುಳುಕಿತು, ಒಂದಷ್ಟು ನೀರು ಹೋಯಿತು, ಹೋದದ್ದೆಷ್ಟೆಂದು ಇವರೇ ಅಳೆದು ಹೇಳಿದರು.

ಇದು ನನಗೆ ಯಾಕೆ ಇಷ್ಟು ತಟ್ಟಿತೆಂದರೆ, ನನ್ನಿಂದ ಇದು ಆಗಿರಲಿಲ್ಲ. ಹಲವು ವರ್ಷಗಳ ಹಿಂದೆ, ಬೇರೊಂದು ಕಡೆ ಕೆಲಸ ಮಾಡುತ್ತಿದ್ದಾಗ, ಒಂದು ಕಂತು ಪೂರ್ತಿ ತಿರಸ್ಕೃತವಾಗಿ ವಾಪಸು ಬಂತು. ಗೇಜಿನ ಶೂನ್ಯ ಸರಿಪಡಿಸದೆ ಬೆಳಗಿನ ಪಾಳಿಯಲ್ಲಿ ಅಳತೆ ತೆಗೆದವನು ನಾನು. ಕಾರಣ ಬರೆಯುವ ಹಾಳೆಯಲ್ಲಿ ನಾನು "ನಿರ್ವಾಹಕನ ಅಜಾಗರೂಕತೆ" ಎಂದು ಬರೆದೆ, ಅಂದರೆ ಯಂತ್ರದ ಮುಂದೆ ನಿಂತಿದ್ದ ಲಾತೂರಿನ ಹುಡುಗನದು. ಅವನ ಕೆಲಸ ಹೋಗಲಿಲ್ಲ, ಮೂರು ತಿಂಗಳ ಬೋನಸು ಹೋಯಿತು. ಬಾಕುವಿನ ಸಂದರ್ಶನ ನೋಡುತ್ತಿದ್ದಾಗ ಟಿವಿಯ ಸದ್ದು ಕಡಿಮೆ ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಬಾಕುವಿನ ನಂತರದ ವಾರಗಳ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ. ಆಸ್ಟಿನ್, ಮೆಕ್ಸಿಕೊ, ಬ್ರೆಜಿಲ್ ಮೂರರಲ್ಲೂ ಐದನೆಯ ಸ್ಥಾನ. ಲಾಸ್ ವೇಗಸ್‌ನಲ್ಲಿ ಎರಡೂ ಮೆಕ್‌ಲಾರೆನ್ ಕಾರುಗಳ ತಳದ ಹಲಗೆ ಸವೆದು ಅನರ್ಹತೆ. ಕತಾರ್‌ನಲ್ಲಿ ಪೋಲ್‌ನಿಂದ, ಅಂದರೆ ಎಲ್ಲರಿಗಿಂತ ಮುಂದಿನ ಜಾಗದಿಂದ ಹೊರಟು, ತಂಡವು ಸೇಫ್ಟಿ ಕಾರಿನ ವೇಳೆ ಟೈರು ಬದಲಿಸದೆ ಬಿಟ್ಟದ್ದರಿಂದ ಎರಡನೆಯ ಸ್ಥಾನ. ಅವರ ಅಭಿಮಾನಿಗಳಲ್ಲಿ ಹಲವರು ಈ ವೇಳೆಗೆ ತಂಡವೇ ಸಂಚು ಮಾಡಿದೆ ಎನ್ನತೊಡಗಿದ್ದರು. ಆ ಮಾತನ್ನು ನಾನು ನಂಬುವುದಿಲ್ಲ. ತಂಡದ ಸೂಚನೆಯಿಂದ ಅವರಿಗೆ ಸಿಕ್ಕದ್ದೂ ಉಂಟು: 2024ರ ಜುಲೈನಲ್ಲಿ ಹಂಗೆರಿಯಲ್ಲಿ ಅವರ ಮೊದಲ ಗೆಲುವು ಬಂದದ್ದು, ಪಿಟ್ ಸರದಿಯಿಂದ ಮುಂದಾಗಿದ್ದ ನಾರಿಸ್ ಕೊನೆಯ ಸುತ್ತುಗಳಲ್ಲಿ ಜಾಗ ಬಿಟ್ಟುಕೊಟ್ಟದ್ದರಿಂದ. ಮೊನ್ಜಾದಲ್ಲಿ ನಡೆದದ್ದನ್ನು ತ್ಯಾಗ ಎನ್ನುವವರು ಇದನ್ನು ಮರೆಯುತ್ತಾರೆ.

ನಮ್ಮ ಆಕುರ್ಡಿಯ ಉಡುಪಿ ಹೋಟೆಲಿನಲ್ಲಿ ಭಾನುವಾರ ರಾತ್ರಿ ಸೇರುವ ಗುಂಪಿನಲ್ಲಿ ಈಗ ಹತ್ತು ಹನ್ನೆರಡು ಜನರಿದ್ದಾರೆ, ಅರ್ಧಕ್ಕರ್ಧ ಮರಾಠಿಗರು. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂದ ಸ್ಪ್ರಿಂಟ್ ಎಂಬ ಚಿಕ್ಕ ರೇಸು ಗೆದ್ದಾಗ ಹೋಟೆಲಿನವರು ಎಲ್ಲರಿಗೂ ಕಾಫಿ ಕೊಟ್ಟರು. ಮುಂಬಯಿಯ ಜೆಹಾನ್ ದಾರುವಾಲಾ 2021ರಲ್ಲಿ ಪಿಯಾಸ್ಟ್ರಿ ಜೊತೆಗೇ ಫಾರ್ಮುಲಾ ಟೂ ಓಡಿಸಿದವರೆಂಬುದನ್ನು ನಮ್ಮ ಮರಾಠಿ ಗೆಳೆಯರು ವಾರಕ್ಕೊಮ್ಮೆಯಾದರೂ ನೆನಪಿಸುತ್ತಾರೆ. ಗಲ್ಲಾದ ಪಕ್ಕ ಕೂತು ಹೋಂವರ್ಕ್ ಮಾಡುವ ಮಾಲೀಕರ ಮಗ ತನ್ನ ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿಗೆ ಮೆಕ್‌ಲಾರೆನ್‌ನ ಕಿತ್ತಳೆ ಬಣ್ಣ ಬಳಿದು, ಪಿಯಾಸ್ಟ್ರಿಯ ಕಾರಿನ ಸಂಖ್ಯೆ 81 ಎಂದು ಬರೆದುಕೊಂಡಿದ್ದಾನೆ. 8 ಸ್ವಲ್ಪ ವಾಲಿದೆ.

ಡಿಸೆಂಬರ್ 7ರಂದು ಅಬುಧಾಬಿಯ ಕೊನೆಯ ರೇಸನ್ನು ಅಲ್ಲಿಯೇ ನೋಡಿದೆವು. ಮೊದಲ ಸುತ್ತಿನಲ್ಲೇ ಪಿಯಾಸ್ಟ್ರಿ ಹೊರಬದಿಯಿಂದ ನಾರಿಸ್ ಅವರನ್ನು ಹಿಂದಿಕ್ಕಿದರು. ವರ್ಸ್ಟಾಪನ್ ಗೆದ್ದರು, ಪಿಯಾಸ್ಟ್ರಿ ಎರಡನೆಯವರಾದರು, ಮೂರನೆಯ ಸ್ಥಾನ ಸಾಕಾಗಿದ್ದ ನಾರಿಸ್ ಮೂರನೆಯವರಾಗಿಯೇ ಚಾಂಪಿಯನ್ ಆದರು. ನಾರಿಸ್ 423, ವರ್ಸ್ಟಾಪನ್ 421, ಪಿಯಾಸ್ಟ್ರಿ 410. 1980ರಲ್ಲಿ ಆಲನ್ ಜೋನ್ಸ್ ಗೆದ್ದ ಮೇಲೆ ಆಸ್ಟ್ರೇಲಿಯಕ್ಕೆ ದಕ್ಕದ ಪಟ್ಟ ಏಳು ರೇಸು ಗೆದ್ದ 2025ರಲ್ಲೂ ದಕ್ಕಲಿಲ್ಲ.

ಬಿಲ್ಲು ಬಂದಾಗ ಕುಂದಾಪುರದವರು ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಏನನ್ನೋ ಕೂಡಿ ಕಳೆದು, ಮಾತಾಡದೆ ನನ್ನ ಕಡೆ ತಳ್ಳಿದರು. 423ರಲ್ಲಿ 3 ಕಳೆದರೆ 420. ಮೊನ್ಜಾದಲ್ಲಿ ಪಿಯಾಸ್ಟ್ರಿ ಜಾಗ ಬಿಡದಿದ್ದರೆ, ಮಿಕ್ಕದ್ದೆಲ್ಲ ಹೀಗೆಯೇ ನಡೆದಿದ್ದರೆ, ವರ್ಸ್ಟಾಪನ್ ಒಂದು ಅಂಕದಿಂದ ಚಾಂಪಿಯನ್. ಮಿಕ್ಕದ್ದೆಲ್ಲ ಹೀಗೆಯೇ ನಡೆಯುತ್ತಿರಲಿಲ್ಲ ಎಂಬುದು ನಮಗೂ ಗೊತ್ತು; ಮೂರನೆಯ ಸ್ಥಾನ ಸಾಲದಿದ್ದರೆ ನಾರಿಸ್ ಅಂದು ಬೇರೆ ರೀತಿಯಲ್ಲೇ ಓಡಿಸುತ್ತಿದ್ದರು. ಪಿಯಾಸ್ಟ್ರಿಗಂತೂ ಆ ಮೂರು ಅಂಕ ಸೇರಿದ್ದರೂ 413, ಮೂರನೆಯ ಸ್ಥಾನವೇ. ಆದರೂ ಬಿಲ್ಲನ್ನು ಹೋಟೆಲಿನವರಿಗೆ ಕೊಡದೆ ಮಡಚಿ ಜೇಬಿಗೆ ಹಾಕಿಕೊಂಡೆ. ದುಡ್ಡನ್ನು ಕೊಟ್ಟೆ ಅನ್ನಿ.

ಅದೀಗ ಅಡುಗೆಮನೆಯ ಪಂಚಾಂಗದ ಹಿಂದಿದೆ. 2026ರ ಮೊದಲ ರೇಸು ಗೊತ್ತಾಗಿದ್ದದ್ದು ಮಾರ್ಚ್ 8ರಂದು, ಅವರ ಊರಾದ ಮೆಲ್ಬರ್ನ್‌ನಲ್ಲಿ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಒಂಬತ್ತೂವರೆಗೆ. 2025ರಲ್ಲಿ ಅಲ್ಲಿಯ ಮಳೆಯಲ್ಲಿ ಅವರು ಹುಲ್ಲಿನಲ್ಲಿ ಸಿಕ್ಕಿಬಿದ್ದು, ರಿವರ್ಸ್‌ನಲ್ಲಿ ಹೊರಬಂದು, ಕೊನೆಯ ಸುತ್ತಿನಲ್ಲಿ ಹ್ಯಾಮಿಲ್ಟನ್ ಅವರನ್ನು ಹೊರಬದಿಯಿಂದ ದಾಟಿ ಒಂಬತ್ತನೆಯವರಾದದ್ದನ್ನು ಅಮ್ಮ ಇನ್ನೂ ಮರೆತಿರಲಿಲ್ಲ. ಅಂದು ಗ್ರಹಣವಿದೆಯೇ ಎಂದು ಪಂಚಾಂಗ ತಿರುವಿ ನೋಡಿದರು. ಇಲ್ಲವಂತೆ. ಹಿಂದಿನ ರಾತ್ರಿ ದೋಸೆಗೆ ರುಬ್ಬಿಡುತ್ತೇನೆ, ಎಷ್ಟು ಜನ ಬರುತ್ತಾರೆಂದು ಮೊದಲೇ ಹೇಳು ಎಂದರು.